ಹಣ ಯಾವ ಹೆಜ್ಜೆಗೆ? ಪೇಟೆಂಟ್ ಪ್ರೋತ್ಸಾಹಧನ ಮತ್ತು ಆವಿಷ್ಕಾರದ ಗುಣಮಟ್ಟ

(ಸಾರ್ವಜನಿಕ ಉಪನ್ಯಾಸವೊಂದರ ಬರಹ ರೂಪ)

ಮೊದಲು ಒಂದು ಲೆಕ್ಕ ಹಾಕೋಣ. ಚೀನಾದ ಪೇಟೆಂಟ್ ಕಚೇರಿಯಲ್ಲಿ ಆವಿಷ್ಕಾರ ಪೇಟೆಂಟಿಗೆ, ಅಂದರೆ ಹೊಸ ಆವಿಷ್ಕಾರವನ್ನು ಬೇರೆಯವರು ಬಳಸದಂತೆ ಕೆಲವು ವರ್ಷ ತಡೆಯುವ ಹಕ್ಕಿಗೆ, ಅರ್ಜಿ ಹಾಕಲು 900 ಯುವಾನ್, ಪ್ರಕಟಣೆಗೆ 50, ಪರಿಶೀಲನೆ ಕೋರಲು 2,500. ಕೂಡಿದರೆ 3,450. ಅರ್ಜಿದಾರ ಆದಾಯ ಕಡಿಮೆಯಿರುವ ವ್ಯಕ್ತಿಯೋ ಸಣ್ಣ ಕಂಪನಿಯೋ ಆಗಿದ್ದು, ಒಬ್ಬರೇ ಅರ್ಜಿ ಹಾಕಿದರೆ ಪ್ರಕಟಣಾ ಶುಲ್ಕ ಬಿಟ್ಟು ಉಳಿದೆರಡರಲ್ಲಿ ಶೇ. 85 ರಿಯಾಯಿತಿ. ಆಗ 135, 50, 375: ಒಟ್ಟು 560 ಯುವಾನ್. ಈಗ ಯಾವುದೋ ನಗರಾಡಳಿತ ಅರ್ಜಿ ಹಾಕಿದವರಿಗೆಲ್ಲ ತಲಾ 1,000 ಯುವಾನ್ ಕೊಡುತ್ತೇವೆ ಎಂದು ಘೋಷಿಸಿತು ಅಂದುಕೊಳ್ಳಿ. ಅರ್ಜಿಯೊಳಗೆ ಏನು ಬರೆದಿದೆ ಎಂದು ಯಾರೂ ನೋಡುವ ಮೊದಲೇ 440 ಯುವಾನ್ ಕೈಯಲ್ಲಿ ಉಳಿಯಿತು. ನೂರು ಅರ್ಜಿಗೆ 44,000. ಪೇಟೆಂಟ್ ಮಂಜೂರಾಗಬೇಕೆಂದಿಲ್ಲ, ಆ ವಸ್ತು ಕೆಲಸ ಮಾಡಬೇಕೆಂದಿಲ್ಲ, ಅದನ್ನು ಯಾರಾದರೂ ಕೊಳ್ಳಬೇಕೆಂದೂ ಇಲ್ಲ.

ಈ 1,000 ಯುವಾನ್ ನಾನು ಲೆಕ್ಕಕ್ಕಾಗಿ ಇಟ್ಟುಕೊಂಡ ಸಂಖ್ಯೆ. ಶುಲ್ಕದ ಅಂಕಿಗಳು ಮಾತ್ರ ನಿಜವಾದವು. ಶುಲ್ಕಕ್ಕಿಂತ ಸಹಾಯಧನ ಹೆಚ್ಚಾದ ದಿನವೇ ಅರ್ಜಿ ಹಾಕುವುದು ಒಂದು ಕಸುಬಾಗುತ್ತದೆ, ಆವಿಷ್ಕಾರಕ್ಕೂ ಅದಕ್ಕೂ ನಂಟು ತಪ್ಪುತ್ತದೆ. ಇವತ್ತಿನ ಮಾತೆಲ್ಲ ಈ ನಂಟಿನ ಬಗ್ಗೆ. ಸರ್ಕಾರ ಪೇಟೆಂಟಿಗೆ ಹಣ ಕೊಡಬೇಕೇ ಬೇಡವೇ ಎಂದು ವಾದ ಮಾಡುವವರು ಬಹಳ ಮಂದಿ. ನಾವು ಕೇಳಬೇಕಾದ ಪ್ರಶ್ನೆ ಬೇರೆ: ಪೇಟೆಂಟಿನ ಆಯುಸ್ಸಿನಲ್ಲಿ ಯಾವ ಹೆಜ್ಜೆಗೆ ಹಣ ಕಟ್ಟಿದ್ದೇವೆ? ಅರ್ಜಿ, ಮಂಜೂರಾತಿ, ವಾರ್ಷಿಕ ಶುಲ್ಕ, ಲೈಸೆನ್ಸ್, ಮಾರಾಟ, ಇವುಗಳಲ್ಲಿ ಯಾವುದಕ್ಕೆ ಹಣ ಕಟ್ಟುತ್ತೀರೋ ಅಲ್ಲೇ ಗುಣಮಟ್ಟ ಬಾಗುತ್ತದೆ, ಮತ್ತು ಒಂದೊಂದು ಹೆಜ್ಜೆಯಲ್ಲಿ ಒಂದೊಂದು ರೀತಿ ಬಾಗುತ್ತದೆ.

ಚೀನಾವನ್ನೇ ಮುಖ್ಯ ಉದಾಹರಣೆಯಾಗಿ ತೆಗೆದುಕೊಳ್ಳಲು ಕಾರಣವಿದೆ. ಇಷ್ಟು ದೊಡ್ಡ ಪ್ರಮಾಣದಲ್ಲಿ, ಇಷ್ಟು ಬಗೆಯ ಪ್ರೋತ್ಸಾಹಧನಗಳನ್ನು ಕೊಟ್ಟು ನೋಡಿ, ಆಮೇಲೆ ತಾನೇ ಹಿಂತೆಗೆದುಕೊಂಡ ದೇಶ ಇನ್ನೊಂದಿಲ್ಲ. ಅಲ್ಲಿ ಪೇಟೆಂಟ್ ಕಾನೂನು ಜಾರಿಗೆ ಬಂದದ್ದು 1985ರ ಏಪ್ರಿಲ್ 1ರಂದು. 1999ರಲ್ಲಿ ಶಾಂಘೈ ಅರ್ಜಿದಾರರಿಗೆ ಸಹಾಯಧನ ಶುರುಮಾಡಿತು. ಕೆಲವೇ ವರ್ಷಗಳಲ್ಲಿ ಹೆಚ್ಚುಕಡಿಮೆ ಎಲ್ಲ ಪ್ರಾಂತ್ಯಗಳೂ ಅದೇ ದಾರಿ ಹಿಡಿದವು, ಅವುಗಳ ಕೆಳಗೆ ನಗರಗಳು, ಜಿಲ್ಲೆಗಳು, ಕೈಗಾರಿಕಾ ವಲಯಗಳೂ ತಮ್ಮ ತಮ್ಮ ಯೋಜನೆ ತಂದವು. ಒಂದೇ ಅರ್ಜಿಗೆ ಎರಡು ಮೂರು ಕಡೆಯಿಂದ ಹಣ ಬರಲು ದಾರಿಯಾಯಿತು. 2011ರಲ್ಲಿ ಚೀನಾ ಅರ್ಜಿಗಳ ಸಂಖ್ಯೆಯಲ್ಲಿ ಜಗತ್ತಿನ ಮೊದಲ ಸ್ಥಾನಕ್ಕೇರಿತು. 2018ರಲ್ಲಿ ಅಲ್ಲಿ ಬಂದ ಆವಿಷ್ಕಾರ ಪೇಟೆಂಟ್ ಅರ್ಜಿಗಳು ಸುಮಾರು 15.4 ಲಕ್ಷ, ಅದೇ ವರ್ಷ ಅಮೆರಿಕದಲ್ಲಿ ಸುಮಾರು 6 ಲಕ್ಷ.

ಸಂಖ್ಯೆ ಏರಿದ್ದರ ಹಿಂದೆ ನಿಜವಾದ ಸಂಶೋಧನೆಯೂ ಇತ್ತು, ಅದನ್ನು ಅಲ್ಲಗಳೆಯುವುದು ಅನ್ಯಾಯ. ಟೆಲಿಕಾಂ, ಬ್ಯಾಟರಿ, ಸೌರಫಲಕ ಇಂಥ ಕ್ಷೇತ್ರಗಳಲ್ಲಿ ಬಂದ ಪೇಟೆಂಟುಗಳು ಕಾಗದದ ಹುಲಿಗಳಲ್ಲ. ಆದರೆ ಸಹಾಯಧನದ ಪಾಲು ಎಷ್ಟು ಎಂದು ಬೇರ್ಪಡಿಸಿ ನೋಡಿದವರಿದ್ದಾರೆ. ಜಿಯಾನ್‌ವೇ ಡಾಂಗ್ ಮತ್ತು ಕಝುಯುಕಿ ಮೊತೊಹಾಶಿ 2015ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ ಸಹಾಯಧನಗಳು ಪೇಟೆಂಟ್ ಸಂಖ್ಯೆಯನ್ನು ಶೇ. 30ಕ್ಕೂ ಹೆಚ್ಚು ಉಬ್ಬಿಸಿದ್ದವು. ಸಂಖ್ಯೆಗಿಂತ ಅವರ ಇನ್ನೊಂದು ಮಾತು ನನಗೆ ಮುಖ್ಯವಾಗಿ ಕಾಣುತ್ತದೆ. ಅದು ಅರ್ಥವಾಗಬೇಕಾದರೆ ಕ್ಲೇಮ್ ಅಂದರೇನು ಎಂದು ತಿಳಿದಿರಬೇಕು.

ಪೇಟೆಂಟ್ ದಾಖಲೆಯಲ್ಲಿ ವಿವರಣೆ, ಚಿತ್ರಗಳು ಎಷ್ಟು ಪುಟ ಇದ್ದರೂ ಹಕ್ಕು ನಿಲ್ಲುವುದು ಕ್ಲೇಮುಗಳ ಮೇಲೆ, ಅಂದರೆ ಯಾವುದರ ಮೇಲೆ ಹಕ್ಕು ಎಂದು ಹೇಳುವ ವಾಕ್ಯಗಳ ಮೇಲೆ. ಜಮೀನಿನ ಪತ್ರದಲ್ಲಿ ಚೆಕ್ಕುಬಂದಿ ಇದ್ದ ಹಾಗೆ ಅದು. ಕ್ಲೇಮಿಗೆ ಒಂದೊಂದು ಷರತ್ತು ಸೇರಿದಂತೆ ಬೇಲಿ ಒಳಗೊಳಗೆ ಸರಿಯುತ್ತದೆ. ಒಂದು ಪಂಪಿನ ಸೀಲನ್ನು ತೆಗೆದುಕೊಳ್ಳಿ. "ತಿರುಗುವ ದಂಡದ ಸುತ್ತ ಕೂರುವ, ಒಳಮೈಯಲ್ಲಿ ತೋಡುಗಳಿರುವ, ಬಾಗಿ ಮರಳಬಲ್ಲ ವಸ್ತುವಿನ ಉಂಗುರ" ಎಂದು ಬರೆದರೆ ಬೇಲಿ ಅಗಲ. ಆದರೆ ಪರಿಶೀಲಕರು ಹಳೆಯ ದಾಖಲೆ ಹುಡುಕಿ ತೆಗೆದು, ಇದು ಮೊದಲೇ ಇತ್ತು ಎನ್ನುವ ಸಾಧ್ಯತೆ ಹೆಚ್ಚು. ಆಗ ವಾದಿಸಬೇಕು, ತಿದ್ದಬೇಕು, ವರ್ಷ ಕಾಯಬೇಕು. ಅದರ ಬದಲು "3 ಮಿ.ಮೀ. ದಪ್ಪದ, ನೈಟ್ರೈಲ್ ರಬ್ಬರಿನ, ಒಳಮೈಯಲ್ಲಿ ಸಮ ಅಂತರದ 4 ತೋಡುಗಳಿರುವ ಉಂಗುರ" ಎಂದು ಬರೆದರೆ ಇದೇ ಅಳತೆಯ ಹಳೆಯ ಉಂಗುರ ಪರಿಶೀಲಕರಿಗೆ ಸಿಗುವುದು ಕಷ್ಟ. ಮಂಜೂರಾತಿ ಸಲೀಸು. ಆದರೆ ಎದುರಾಳಿ ದಪ್ಪವನ್ನು 3.5 ಮಿ.ಮೀ. ಮಾಡಿ, 5 ತೋಡು ಹಾಕಿ, ಸಿಲಿಕೋನ್ ಬಳಸಿದರೆ ಬೇಲಿಯ ಆಚೆ ಆರಾಮಾಗಿ ನಿಲ್ಲುತ್ತಾನೆ. ಪೇಟೆಂಟ್ ಇದೆ, ರಕ್ಷಣೆ ಇಲ್ಲ.

ಡಾಂಗ್ ಮತ್ತು ಮೊತೊಹಾಶಿ ಕಂಡದ್ದು ಇದನ್ನೇ. ಅರ್ಜಿ ಹಂತದಲ್ಲಿ ಹಣ ಕೊಟ್ಟಾಗ ಮಂಜೂರಾಗದಂಥ ದುರ್ಬಲ ಅರ್ಜಿಗಳು ಹೆಚ್ಚಾದವು. ಅದನ್ನು ತಡೆಯಲೆಂದು ಮಂಜೂರಾದ ಮೇಲೆ ಮಾತ್ರ ಬಹುಮಾನ ಎಂದಾಗ ಅರ್ಜಿದಾರರು ಕ್ಲೇಮನ್ನು ಕಿರಿದು ಮಾಡಿಕೊಂಡರು. ಎರಡನೆಯ ಪರಿಣಾಮವನ್ನು ಗುರುತಿಸುವುದು ಕಷ್ಟ, ಏಕೆಂದರೆ ಮಂಜೂರಾತಿಯ ಪ್ರಮಾಣ ಏರಿದಾಗ ಆಡಳಿತಕ್ಕೆ ಗುಣಮಟ್ಟ ಸುಧಾರಿಸಿದಂತೆಯೇ ಕಾಣುತ್ತದೆ. ಮಂಜೂರಾತಿಗೆ ಹಣ ಕಟ್ಟಿದರೆ ಎಲ್ಲ ಸರಿಹೋಗುತ್ತದೆ ಎಂದು ನಂಬುವವರು ಈ ಒಂದು ಸಂಗತಿಯನ್ನು ಮತ್ತೆ ಮತ್ತೆ ಓದಬೇಕು.

ಇನ್ನೊಂದು ಬಗೆ, ಒಂದು ಆವಿಷ್ಕಾರವನ್ನು ಹೋಳು ಮಾಡುವುದು. ಜಿಯಾಂಗ್ಸು ಪ್ರಾಂತ್ಯದ ಸುಝೌ ನಗರದ ಆಡಳಿತದಡಿ ಝಾಂಗ್‌ಜಿಯಾಗಾಂಗ್ ಎಂಬ ಕೌಂಟಿ ಮಟ್ಟದ ನಗರವಿದೆ. 2006ರ ಜೂನ್‌ನಲ್ಲಿ ಅದು ತನ್ನ ಪೇಟೆಂಟ್ ಸಹಾಯಧನವನ್ನು ಏರಿಸಿತು. ಸುತ್ತಲಿನ ನಗರಗಳು ಹಾಗೆ ಮಾಡಲಿಲ್ಲ. ಹೀಗಾಗಿ ಹೋಲಿಸಿ ನೋಡಲು ಅಪರೂಪದ ಅವಕಾಶ ಸಿಕ್ಕಿತು. ಝೆನ್ ಲೇ, ಝೆನ್ ಸುನ್ ಮತ್ತು ಬ್ರಿಯಾನ್ ರೈಟ್ ನೋಡಿದಾಗ ಅರ್ಜಿಗಳೇನೋ ಹೆಚ್ಚಿದ್ದವು, ಆದರೆ ಒಂದೊಂದು ಅರ್ಜಿಯಲ್ಲಿನ ಕ್ಲೇಮುಗಳು ಕಡಿಮೆಯಾಗಿದ್ದವು. ನಮ್ಮ ಪಂಪಿನ ಸೀಲನ್ನೇ ಹಿಡಿದು ಹೇಳುವುದಾದರೆ, ಉಂಗುರ, ಅದು ಕೂರುವ ಮನೆ, ಜೋಡಿಸುವ ಕ್ರಮ, ಈ ಮೂರೂ ಒಂದೇ ಅರ್ಜಿಯಲ್ಲಿ 9 ಕ್ಲೇಮುಗಳಾಗಿ ಬರಬಹುದಿತ್ತು. ಹಣ ಅರ್ಜಿಯ ಲೆಕ್ಕದಲ್ಲಿ ಬರುವಾಗ 3 ಕ್ಲೇಮುಗಳ ಮೂರು ಅರ್ಜಿಗಳಾದವು. ಆವಿಷ್ಕಾರ ಒಂದೇ. ಅಂಕಿಅಂಶದಲ್ಲಿ ಮೂರು.

ಈ ಹೋಳುಗಳಿಂದ ಯಾರಿಗೇನು ನಷ್ಟ ಎಂದು ಕೇಳಬಹುದು. ನಷ್ಟ ಇದೆ, ಅದು ಬಹಳ ಜನರಿಗೆ ತಟ್ಟುತ್ತದೆ. ಪರಿಶೀಲಕರು ಮೂರು ಸಲ ಹುಡುಕಬೇಕು. ಹೊಸದೊಂದು ಸೀಲು ಮಾಡಹೊರಟ ಸಣ್ಣ ತಯಾರಕ ಒಂದರ ಬದಲು ಮೂರು ದಾಖಲೆ ಓದಿಸಿ, ಮೂರಕ್ಕೂ ವಕೀಲರ ಅಭಿಪ್ರಾಯ ಪಡೆಯಬೇಕು. ಪರಿಶೀಲಕರ ಸಮಯವಂತೂ ಇಡೀ ವ್ಯವಸ್ಥೆಯ ಗುಣಮಟ್ಟ ನಿಂತಿರುವ ಕಂಬ. ಅಮೆರಿಕದಲ್ಲಿ ಒಂದು ಅರ್ಜಿಗೆ ಪರಿಶೀಲಕರಿಗೆ ಸಿಗುವುದು ಸರಾಸರಿ 19 ಗಂಟೆಯ ಆಸುಪಾಸು. ಅಲ್ಲಿ ಬಡ್ತಿ ಸಿಕ್ಕಂತೆ ಒಂದು ಅರ್ಜಿಗೆ ಕೊಡುವ ಸಮಯ ಕಡಿಮೆಯಾಗುತ್ತದೆ. ಮೈಕೆಲ್ ಫ್ರೇಕ್ಸ್ ಮತ್ತು ಮೆಲಿಸ್ಸಾ ವಾಸರ್‌ಮನ್ ಇದನ್ನೇ ಹಿಡಿದು ಅಳೆದರು: ಸಮಯ ಕಡಿತವಾದಾಗ ಅದೇ ಪರಿಶೀಲಕರು ಹಳೆಯ ದಾಖಲೆಗಳನ್ನು ಕಡಿಮೆ ಹುಡುಕುತ್ತಾರೆ, ಹೆಚ್ಚು ಮಂಜೂರು ಮಾಡುತ್ತಾರೆ. ಸಹಾಯಧನದ ಅರ್ಜಿಗಳ ಪ್ರವಾಹ ಬಂದರೆ, ಆ ಸಹಾಯಧನ ಮುಟ್ಟದ ಒಳ್ಳೆಯ ಅರ್ಜಿಯ ಪರಿಶೀಲನೆಯೂ ತೆಳುವಾಗುತ್ತದೆ.

ಇಲ್ಲಿಯವರೆಗೆ ನಗದು ಸಹಾಯಧನದ ಮಾತಾಯಿತು. ಹಣ ತೆರಿಗೆಯ ರೂಪದಲ್ಲಿಯೂ ಬರುತ್ತದೆ, ಮತ್ತು ಅದರ ಬಲ ನಗದಿಗಿಂತ ದೊಡ್ಡದು. ಚೀನಾದಲ್ಲಿ ಕಂಪನಿ ತೆರಿಗೆ ಶೇ. 25, 'ಉನ್ನತ ಮತ್ತು ಹೊಸ ತಂತ್ರಜ್ಞಾನ ಉದ್ಯಮ' ಎಂದು ಮಾನ್ಯತೆ ಸಿಕ್ಕರೆ ಶೇ. 15. ಮಾನ್ಯತೆಗೆ 100ರಲ್ಲಿ 70ಕ್ಕಿಂತ ಹೆಚ್ಚು ಅಂಕ ಬೇಕು, ಅದರಲ್ಲಿ 30 ಅಂಕ ಬೌದ್ಧಿಕ ಆಸ್ತಿಗೆ. 2016ರ ನಿಯಮದಲ್ಲಿ ಸಂಖ್ಯೆಗೆಂದೇ ಮೀಸಲಾದ 8 ಅಂಕಗಳನ್ನು ಹಂಚುವ ಬಗೆ ನೋಡಿ: ಒಂದು ಆವಿಷ್ಕಾರ ಪೇಟೆಂಟ್ ಇದ್ದರೆ 7ರಿಂದ 8, ಅದಿಲ್ಲದೆ ಯೂಟಿಲಿಟಿ ಮಾಡೆಲ್‌ನಂಥ ಎರಡನೇ ದರ್ಜೆಯವು 5 ಅಥವಾ ಹೆಚ್ಚು ಇದ್ದರೆ 5ರಿಂದ 6, 3 ಅಥವಾ 4 ಇದ್ದರೆ 3ರಿಂದ 4. ಯೂಟಿಲಿಟಿ ಮಾಡೆಲ್ ಅಂದರೆ 10 ವರ್ಷದ ಕಿರಿಯ ಪೇಟೆಂಟ್. ಅದಕ್ಕೆ ಪೂರ್ಣ ಪರಿಶೀಲನೆ ಇಲ್ಲ, ಪ್ರಾಥಮಿಕ ತಪಾಸಣೆ ಮಾತ್ರ; ಶೇ. 85 ರಿಯಾಯಿತಿ ಇದ್ದರೆ ಅರ್ಜಿ ಶುಲ್ಕ 75 ಯುವಾನ್. ವರ್ಷಗಟ್ಟಲೆ ಕಾದು, ಸಿಕ್ಕೀತೋ ಇಲ್ಲವೋ ಎನ್ನುವ ಒಂದು ಪೇಟೆಂಟಿಗೂ ಕೆಲವೇ ತಿಂಗಳಲ್ಲಿ ಬಹುಮಟ್ಟಿಗೆ ಖಚಿತವಾಗಿ ಬರುವ ಐದಕ್ಕೂ ನಡುವಿನ ಅಂತರ ಒಂದೆರಡು ಅಂಕ. ಶೇ. 10ರಷ್ಟು ತೆರಿಗೆ ಎದುರಿಗಿರುವಾಗ ಲೆಕ್ಕಾಧಿಕಾರಿ ಯಾವುದನ್ನು ಆರಿಸುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ಎರಡನೇ ದರ್ಜೆಯ ಹಕ್ಕನ್ನು ಮಾನ್ಯತೆಗಾಗಿ ಒಂದೇ ಸಲ ಬಳಸಬಹುದು ಎಂಬ ಷರತ್ತೂ ಇದೆ. ಒಳ್ಳೆಯ ಉದ್ದೇಶದ ಷರತ್ತು. ಆದರೆ ಮಾನ್ಯತೆ ಮೂರು ವರ್ಷಕ್ಕೊಮ್ಮೆ ಮುಗಿಯುವುದರಿಂದ, ಪ್ರತಿ ಸಲವೂ ಹೊಸ ಐದು ಬೇಕಾಗುತ್ತವೆ.

ಇದೇ ಯೋಜನೆಯಲ್ಲಿ ಸಂಶೋಧನಾ ವೆಚ್ಚಕ್ಕೂ ಕನಿಷ್ಠ ಮಿತಿಗಳಿವೆ: ಮಾರಾಟ 5 ಕೋಟಿ ಯುವಾನ್ ಮೀರದಿದ್ದರೆ ಅದರ ಶೇ. 5, 20 ಕೋಟಿಯವರೆಗೆ ಶೇ. 4, ಅದಕ್ಕೂ ಮೇಲೆ ಶೇ. 3. ತೆರಿಗೆ ದಾಖಲೆಗಳನ್ನು ಇಟ್ಟುಕೊಂಡು 2021ರಲ್ಲಿ ಪ್ರಕಟವಾದ ಒಂದು ಅಧ್ಯಯನದ ಅಂದಾಜಿನಂತೆ, ಕಂಪನಿಗಳು ತೋರಿಸಿದ ಸಂಶೋಧನಾ ವೆಚ್ಚದಲ್ಲಿ ಶೇ. 24.2ರಷ್ಟು ಬೇರೆ ಖರ್ಚಿಗೆ ಸಂಶೋಧನೆಯ ಹೆಸರು ಕೊಟ್ಟದ್ದು. ಉಳಿದದ್ದು ನಿಜವಾದ ಸಂಶೋಧನೆ ಎಂಬುದನ್ನೂ ಮರೆಯಬಾರದು. ಗೆರೆ ಎಳೆದು 'ಇದರಾಚೆ ಬಂದವರಿಗೆ' ಎಂದು ಕೊಟ್ಟಾಗ, ಗೆರೆಯ ಹತ್ತಿರ ಇರುವವರು ಗೆರೆ ದಾಟುವಷ್ಟನ್ನೇ ಮಾಡುತ್ತಾರೆ.

ಯುರೋಪಿನ 'ಪೇಟೆಂಟ್ ಬಾಕ್ಸ್' ಹಣವನ್ನು ಇನ್ನೂ ಮುಂದಿನ ಹೆಜ್ಜೆಗೆ ಕಟ್ಟುತ್ತದೆ. ಪೇಟೆಂಟಿನಿಂದ ಬಂದ ಲಾಭಕ್ಕೆ ಕಡಿಮೆ ತೆರಿಗೆ. ಬ್ರಿಟನ್‌ನಲ್ಲಿ 2013ರಿಂದ ಹಂತಹಂತವಾಗಿ ಜಾರಿಗೆ ಬಂದ ಈ ದರ ಶೇ. 10. ಲಾಭವೇ ಬರದ ಪೇಟೆಂಟಿಗೆ ಏನೂ ಸಿಗದು, ಆದ್ದರಿಂದ ಕಸದ ಅರ್ಜಿಗೆ ಆಸೆ ಹುಟ್ಟುವುದಿಲ್ಲ. ಬಾಗು ಬೇರೆಡೆ ಬಂತು. ಒಂದು ದೇಶದಲ್ಲಿ ಹುಟ್ಟಿದ ಪೇಟೆಂಟನ್ನು ತೆರಿಗೆ ಕಡಿಮೆ ಇರುವ ಇನ್ನೊಂದು ದೇಶದ ಅಂಗಸಂಸ್ಥೆಯ ಹೆಸರಿಗೆ ವರ್ಗಾಯಿಸುವುದು ಲಾಭದ ದಾರಿಯಾಯಿತು. 2015ರಲ್ಲಿ ಒಇಸಿಡಿ (ಬಹುತೇಕ ಶ್ರೀಮಂತ ದೇಶಗಳ ಆರ್ಥಿಕ ಸಹಕಾರ ಸಂಘಟನೆ) ಮತ್ತು ಜಿ20 ದೇಶಗಳು ಒಪ್ಪಿದ ನಿಯಮದಂತೆ, ಸಂಶೋಧನೆ ಎಷ್ಟರ ಮಟ್ಟಿಗೆ ಆ ಕಂಪನಿಯೇ ಮಾಡಿದೆಯೋ ಅಷ್ಟಕ್ಕೆ ಮಾತ್ರ ರಿಯಾಯಿತಿ ಎಂದಾಯಿತು.

ವಿಶ್ವವಿದ್ಯಾಲಯಗಳ ವಿಷಯಕ್ಕೆ ಸ್ವಲ್ಪ ಹೊತ್ತು ಕೊಡಬೇಕು, ಏಕೆಂದರೆ ಅಲ್ಲಿ ಪ್ರೋತ್ಸಾಹಧನ ನಗದಿಗಿಂತ ಬಡ್ತಿಯ ರೂಪದಲ್ಲಿ ಬರುತ್ತದೆ. ಅಧ್ಯಾಪಕರ ಮೌಲ್ಯಮಾಪನದಲ್ಲಿ ಪೇಟೆಂಟಿಗೆ ಅಂಕ, ಯೋಜನೆ ಮುಗಿಸುವಾಗ ಇಷ್ಟು ಪೇಟೆಂಟ್ ತೋರಿಸಬೇಕು ಎಂಬ ಷರತ್ತು. ಯೋಜನೆ ಮುಗಿದ ಮೇಲೆ ಆ ಪೇಟೆಂಟ್ ಯಾರಿಗೂ ಬೇಡ. ಚೀನಾದ ಪೇಟೆಂಟ್ ಕಚೇರಿಯ 2022ರ ಸಮೀಕ್ಷೆಯಲ್ಲಿ ಕಂಪನಿಗಳ ಜಾರಿಯಲ್ಲಿರುವ ಆವಿಷ್ಕಾರ ಪೇಟೆಂಟುಗಳಲ್ಲಿ ಶೇ. 48.1 ಉತ್ಪಾದನೆಗೆ ಇಳಿದಿದ್ದವು. ವಿಶ್ವವಿದ್ಯಾಲಯಗಳಲ್ಲಿ ಅದು ಶೇ. 3.9. ಈ ಎರಡನೆಯ ಅಂಕಿಯ ಹಿಂದೆ ಪ್ರತಿಭಾವಂತರ ಎಷ್ಟೋ ವರ್ಷದ ದುಡಿಮೆ ಇದೆ, ನೋಡಿದರೆ ಸಂಕಟವಾಗುತ್ತದೆ. 2020ರ ಫೆಬ್ರವರಿಯಲ್ಲಿ ಅಲ್ಲಿನ ಶಿಕ್ಷಣ ಸಚಿವಾಲಯ ಮತ್ತು ಸಂಬಂಧಿಸಿದ ಇಲಾಖೆಗಳು ಅರ್ಜಿಗೆ ಬಹುಮಾನ ಕೊಡುವುದನ್ನು ನಿಲ್ಲಿಸಿ, ಅರ್ಜಿ ಹಾಕುವ ಮೊದಲೇ ಮೌಲ್ಯಮಾಪನ ಮಾಡಿ ಎಂದು ವಿಶ್ವವಿದ್ಯಾಲಯಗಳಿಗೆ ಸೂಚಿಸಿದವು.

ಇದರ ಎದುರಿಗೆ ನಾರ್ವೆಯನ್ನು ಇಟ್ಟು ನೋಡಿ. 2003ರ ಮೊದಲು ಅಲ್ಲಿನ ಅಧ್ಯಾಪಕರಿಗೆ ತಮ್ಮ ಆವಿಷ್ಕಾರದ ಪೂರ್ಣ ಹಕ್ಕಿತ್ತು. ಆಮೇಲೆ ಹಕ್ಕು ವಿಶ್ವವಿದ್ಯಾಲಯಕ್ಕೆ ಹೋಗಿ, ಅಧ್ಯಾಪಕರಿಗೆ ಮೂರನೇ ಒಂದು ಪಾಲು ಉಳಿಯಿತು. ಹಾನ್ಸ್ ವಿಡೆ ಮತ್ತು ಬೆಂಜಮಿನ್ ಜೋನ್ಸ್ ಕಂಡದ್ದು: ಅಧ್ಯಾಪಕರು ಶುರುಮಾಡುವ ಕಂಪನಿಗಳೂ ಪಡೆಯುವ ಪೇಟೆಂಟುಗಳೂ ಸುಮಾರು ಅರ್ಧಕ್ಕಿಳಿದವು, ಗುಣಮಟ್ಟವೂ ಕುಸಿಯಿತು. ಇಲ್ಲಿ ಯಾರೂ ಪೇಟೆಂಟ್ ಎಣಿಸಿ ಹಣ ಕೊಟ್ಟಿರಲಿಲ್ಲ. ಆವಿಷ್ಕಾರ ಗೆದ್ದರೆ ಅದರ ಫಲದಲ್ಲಿ ಎಷ್ಟು ಪಾಲು ಎಂಬುದಷ್ಟೇ ಬದಲಾಗಿತ್ತು. ಪ್ರೋತ್ಸಾಹವೇ ಗುಣಮಟ್ಟದ ಶತ್ರು ಎನ್ನುವವರಿಗೆ ಇದು ಉತ್ತರ: ಫಲಕ್ಕೆ ಕಟ್ಟಿದ ಪ್ರೋತ್ಸಾಹ ಕಿತ್ತುಕೊಂಡರೂ ಗುಣಮಟ್ಟ ಬೀಳುತ್ತದೆ.

ಹಾಗಾದರೆ ಗುಣಮಟ್ಟವನ್ನೇ ಅಳೆದು ಅದಕ್ಕೇ ಹಣ ಕೊಡಬಾರದೇಕೆ? ಈ ಪ್ರಶ್ನೆ ಸಹಜ. ಗುಣಮಟ್ಟದ ಅಳತೆಗೋಲುಗಳು ಇವೆ: ಮುಂದಿನ ಪೇಟೆಂಟುಗಳು ಇದನ್ನು ಎಷ್ಟು ಸಲ ಉಲ್ಲೇಖಿಸಿವೆ, ಎಷ್ಟು ದೇಶಗಳಲ್ಲಿ ಅರ್ಜಿ ಹಾಕಿದ್ದಾರೆ, ಎಷ್ಟು ವರ್ಷ ಶುಲ್ಕ ಕಟ್ಟಿ ಉಳಿಸಿಕೊಂಡಿದ್ದಾರೆ. ಇವು ಚೆನ್ನಾಗಿ ಕೆಲಸ ಮಾಡುವುದು ಯಾರೂ ಅವಕ್ಕೆ ಹಣ ಕಟ್ಟದೆ ಇರುವಾಗ. ಉಲ್ಲೇಖಕ್ಕೆ ಬಹುಮಾನ ಇಟ್ಟರೆ ತಮ್ಮ ಹಳೆಯದನ್ನು ತಾವೇ ಉಲ್ಲೇಖಿಸುತ್ತಾರೆ. ವಿದೇಶಿ ಅರ್ಜಿಗೆ ಸಹಾಯಧನ ಕೊಟ್ಟರೆ ಆ ಸೂಚ್ಯಂಕವೂ ಕೆಡುತ್ತದೆ. ನನ್ನ ಅಭಿಪ್ರಾಯದಲ್ಲಿ ಇವುಗಳಲ್ಲಿ ಹೆಚ್ಚು ನಂಬಬಹುದಾದದ್ದು ವಾರ್ಷಿಕ ಶುಲ್ಕ, ಏಕೆಂದರೆ ಅದು ಮಾಲೀಕರ ಸ್ವಂತ ಜೇಬಿನಿಂದ ಬರುತ್ತದೆ. ಚೀನಾದಲ್ಲಿ ಮೊದಲ ಮೂರು ವರ್ಷ ವರ್ಷಕ್ಕೆ 900 ಯುವಾನ್, 10ರಿಂದ 12ನೇ ವರ್ಷಕ್ಕೆ 4,000, 16ರಿಂದ 20ಕ್ಕೆ 8,000. ಇಪ್ಪತ್ತೂ ವರ್ಷ ಕೂಡಿದರೆ 82,300. ಹನ್ನೆರಡನೇ ವರ್ಷದ 4,000 ಕಟ್ಟುವ ಮೊದಲು ಇದರಿಂದ ನಮಗೇನು ಬರುತ್ತಿದೆ ಎಂದು ಮಾಲೀಕರು ತಮ್ಮನ್ನೇ ಕೇಳಿಕೊಳ್ಳುತ್ತಾರೆ. ಆಡಳಿತ ಆ ಶುಲ್ಕವನ್ನೂ ತಾನೇ ಕಟ್ಟಿದರೆ ಆ ಪ್ರಶ್ನೆ ಏಳುವುದೇ ಇಲ್ಲ.

ಶುಲ್ಕದ ಈ ಜರಡಿ ಕೆಲಸಕ್ಕೆ ಅಮೆರಿಕದಲ್ಲಿ ಸಾಕ್ಷ್ಯವಿದೆ. 1982ರಲ್ಲಿ ಅಲ್ಲಿ ಶುಲ್ಕಗಳನ್ನು ಒಮ್ಮೆಲೇ ಏರಿಸಲಾಯಿತು. ಗೇತಾನ್ ದ ರಸನ್‌ಫೋಸ್ ಮತ್ತು ಆಡಮ್ ಜಾಫ್ ಅವರ ಲೆಕ್ಕದಂತೆ, ಗುಣಮಟ್ಟದಲ್ಲಿ ಅತಿ ಕೆಳಗಿನ ಶೇ. 10ರಲ್ಲಿ ಬರುವ ಪೇಟೆಂಟುಗಳ ಪೈಕಿ ಕನಿಷ್ಠ ಶೇ. 16–17 ಇದರಿಂದ ಜರಡಿಯಾಗಿ ಹೋದವು. ಸಹಾಯಧನ ಮಾಡುವುದು ಇದರ ತದ್ವಿರುದ್ಧ ಕೆಲಸ. ಜರಡಿಯ ಕಣ್ಣನ್ನು ಅಗಲ ಮಾಡುತ್ತದೆ.

ಚೀನಾ ತಾನೇ ತಿದ್ದಿಕೊಂಡ ಬಗೆಯಲ್ಲಿ ಕಲಿಯುವುದು ಬಹಳವಿದೆ. ಅಲ್ಲಿನ ಪೇಟೆಂಟ್ ಕಚೇರಿಯ 2021ರ ಜನವರಿಯ ಸುತ್ತೋಲೆ ಅರ್ಜಿ ಹಂತದ ಎಲ್ಲ ಸಹಾಯಧನವನ್ನು ಅದೇ ಜೂನ್ ಕೊನೆಯೊಳಗೆ ನಿಲ್ಲಿಸಲು ಹೇಳಿತು. ಮಂಜೂರಾದ ಪೇಟೆಂಟಿಗೆ ಕೊಡುವುದಾದರೂ ಎಲ್ಲ ಕಡೆಯಿಂದ ಸೇರಿ ಕಚೇರಿಗೆ ಕಟ್ಟಿದ ಶುಲ್ಕದ ಶೇ. 50 ಮೀರಬಾರದು, ವಾರ್ಷಿಕ ಶುಲ್ಕಕ್ಕೂ ಏಜೆಂಟರ ಶುಲ್ಕಕ್ಕೂ ಕೊಡಬಾರದು, 2025ರೊಳಗೆ ಇದೂ ಪೂರ್ತಿ ಮುಗಿಯಬೇಕು ಎಂದಿತು. ಆ ವರ್ಷವೇ ಕಚೇರಿ 8.15 ಲಕ್ಷ 'ಅಸಹಜ' ಅರ್ಜಿಗಳನ್ನು, ಅಂದರೆ ನಿಜವಾದ ಆವಿಷ್ಕಾರಕ್ಕಾಗಿ ಹಾಕಿದ್ದಲ್ಲ ಎಂದು ಕಂಡವನ್ನು, ಗುರುತಿಸಿ ಆಯಾ ಪ್ರಾಂತ್ಯಗಳಿಗೆ ತಿಳಿಸಿತು. ಗುರಿಯನ್ನೂ ಬದಲಿಸಿದರು. 10,000 ಜನರಿಗೆ ಇಷ್ಟು ಆವಿಷ್ಕಾರ ಪೇಟೆಂಟ್ ಎಂಬುದರ ಜಾಗದಲ್ಲಿ 'ಉನ್ನತ ಮೌಲ್ಯದ' ಪೇಟೆಂಟ್ ಬಂತು. 2025ಕ್ಕೆ ಗುರಿ 12. ಉನ್ನತ ಮೌಲ್ಯಕ್ಕೆ ಐದು ದಾರಿ: ಸರ್ಕಾರ ಗುರುತಿಸಿದ ಹೊಸ ಕೈಗಾರಿಕೆಗಳಿಗೆ ಸೇರಿದ್ದು, ವಿದೇಶದಲ್ಲೂ ಪಡೆದದ್ದು, 10 ವರ್ಷಕ್ಕೂ ಮೀರಿ ಉಳಿಸಿಕೊಂಡದ್ದು, ಅಡವಿಟ್ಟಾಗ ದೊಡ್ಡ ಸಾಲ ಸಿಕ್ಕದ್ದು, ರಾಷ್ಟ್ರೀಯ ಪ್ರಶಸ್ತಿ ಪಡೆದದ್ದು. ಇವುಗಳಲ್ಲಿ ಮೊದಲನೆಯದು ದುರ್ಬಲ ಎಂದು ನನಗನಿಸುತ್ತದೆ. ಯಾವ ಕೈಗಾರಿಕೆಗೆ ಸೇರಿದ್ದು ಎಂಬುದು ಗುಣಮಟ್ಟದ ಬಗ್ಗೆ ಏನೂ ಹೇಳದು, ವರ್ಗೀಕರಣ ಸಂಖ್ಯೆ ಆ ಕಡೆ ಬೀಳುವಂತೆ ಅರ್ಜಿ ಬರೆಯುವುದು ಕಷ್ಟವೂ ಅಲ್ಲ.

ಯಾವುದೇ ದೇಶದ, ಯಾವುದೇ ನಗರದ ಪ್ರೋತ್ಸಾಹ ಯೋಜನೆಯ ಕರಡು ಕೈಗೆ ಬಂದರೆ ನೋಡಬೇಕಾದ ಜಾಗಗಳು ಇವು. ಎಲ್ಲ ಮೂಲಗಳಿಂದ ಬರುವ ಮೊತ್ತ ಕಟ್ಟಿದ ಶುಲ್ಕವನ್ನು ಮೀರುತ್ತದೆಯೇ ಎಂದು ಮೊದಲು ಕೂಡಿ ನೋಡಿ, ರಿಯಾಯಿತಿ ಕಳೆದ ಮೇಲಿನ ಶುಲ್ಕದ ಜೊತೆ ಹೋಲಿಸಿ. ಪಟ್ಟಿಯಲ್ಲಿರುವ ಶುಲ್ಕದ ಜೊತೆ ಹೋಲಿಸುವುದೇ ಸಾಮಾನ್ಯವಾಗಿ ಆಗುವ ತಪ್ಪು. ಹಣವಿಲ್ಲದ ನಿಜವಾದ ಸಂಶೋಧಕರಿಗೆ ಶುಲ್ಕ ವಿನಾಯಿತಿ ಬೇಕೇಬೇಕು, ಆದರೆ ವಿನಾಯಿತಿ ನಗದಾಗಿ ಕೈಗೆ ಬರಬಾರದು. ಎಣಿಕೆ ಅರ್ಜಿಯದ್ದೋ ಆವಿಷ್ಕಾರದ್ದೋ ನೋಡಿ. ಒಂದೇ ವಿವರಣೆ, ಒಂದೇ ಚಿತ್ರಗಳನ್ನು ಹಂಚಿಕೊಂಡಿರುವ ಅರ್ಜಿಗಳನ್ನು ಒಂದೆಂದೇ ಎಣಿಸಬೇಕು. ಪೂರ್ಣ ಪರಿಶೀಲನೆಯಿಲ್ಲದೆ ಬರುವ ಹಕ್ಕುಗಳಿಗೆ ಅಂಕ ಕೊಡಬೇಡಿ. ಮಂಜೂರಾತಿಗೆ ಹಣವಿದ್ದರೆ ಮೊದಲ ಕ್ಲೇಮಿನ ಉದ್ದವನ್ನು ಯೋಜನೆಗೆ ಮೊದಲು ಮತ್ತು ನಂತರ ಅಳೆಯಿರಿ. ಅದು ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದ್ದರೆ ಬೇಲಿ ಕಿರಿದಾಗುತ್ತಿದೆ ಎಂದೇ ಅರ್ಥ. ಉಳಿದ ಹಣವನ್ನು ಪರಿಶೀಲಕರ ಸಂಖ್ಯೆಗೂ ಅರ್ಜಿಗೆ ಮುಂಚಿನ ಹುಡುಕಾಟಕ್ಕೂ ಹಾಕಿ. ಸಹಾಯಧನ ಪಡೆದ ಪ್ರತಿ ಪೇಟೆಂಟಿನ ಸಂಖ್ಯೆಯನ್ನು ಒಂದು ಪಟ್ಟಿಯಲ್ಲಿ ಬರೆದಿಟ್ಟು, ನೆರವು ನಿಂತ ಮೇಲಿನ ಮೊದಲ ಶುಲ್ಕವನ್ನು ಮಾಲೀಕರು ಕಟ್ಟಿದರೇ ಎಂದು ನೋಂದಣಿ ಪುಸ್ತಕದಲ್ಲಿ ತೆರೆದು ನೋಡಿ.